ಗೇರೆಣ್ಣೆ ಕುಡಿದ ಸ್ಕಾಟಿಷ್ ಬಾಗಿಲು

ಮಾನ್ಯ ಪಾರಂಪರಿಕ ಕಟ್ಟಡಗಳ ಸಂರಕ್ಷಣಾಧಿಕಾರಿಗಳೇ,

ಕೊಳೆಯುತ್ತಿದ್ದ ಚರ್ಚಿನ ಬಾಗಿಲೊಂದನ್ನು ಉಳಿಸಿದ ಅಪರಾಧಕ್ಕಾಗಿ ನನ್ನ ಗಂಡ ಸ್ಟ್ಯಾನಿಸ್ಲಾಸ್, ವಯಸ್ಸು ಎಪ್ಪತ್ತೊಂದು, ಕಟಕಟೆ ಹತ್ತಬೇಕಾದೀತು ಎಂಬ ತಮ್ಮ ಪತ್ರ ನಮ್ಮ ಮನೆಗೆ ತಲುಪಿದೆ. ಇಪ್ಪತ್ತೆಂಟು ದಿನದೊಳಗೆ ಬಾಗಿಲನ್ನು ಅದರ ‘ಮೂಲ ಜೇನುಬಣ್ಣ’ಕ್ಕೆ ತರಬೇಕಂತೆ. ಆಗದಿದ್ದರೆ ಕಿತ್ತು ಹೊಸ ಓಕ್ ಬಾಗಿಲು ಕೂರಿಸಬೇಕಂತೆ. ಹಳೆಯದನ್ನು ಉಳಿಸಿದ ತಪ್ಪಿಗೆ ಹೊಸದನ್ನು ಹಾಕಿಸುವ ಇಲಾಖೆಗೆ ‘ಸಂರಕ್ಷಣೆ’ ಎಂದು ಹೆಸರಿಟ್ಟ ಪುಣ್ಯಾತ್ಮರಿಗೆ ನನ್ನದೊಂದು ನಮಸ್ಕಾರ.

ಈ ಪತ್ರ ಕನ್ನಡದಲ್ಲೇಕೆ ಎಂದು ತಾವು ಕೇಳಬಹುದು. ಇಂಗ್ಲಿಷಿನಲ್ಲಿ ಚರ್ಚಿನವರು ನಾಲ್ಕು ಸಲ ಬರೆದರು, ಮನುಷ್ಯರ ಉತ್ತರ ಒಂದೂ ಬರಲಿಲ್ಲ. ಕನ್ನಡದಲ್ಲಿ ಬರೆದರೆ ಅದಕ್ಕಿಂತ ಹೆಚ್ಚಿನ ನಷ್ಟವೇನಾದೀತು? ಮನೆಯಲ್ಲಿ ಆಡುವುದು ಕೊಂಕಣಿಯಾದರೂ ನಾನು ಓದಿದ್ದು ಗಂಗೊಳ್ಳಿಯ ಕನ್ನಡ ಶಾಲೆಯಲ್ಲಿ. ಜಗಳಕ್ಕೆ ನನಗೆ ಕನ್ನಡವೇ ಹಿತ. ಇದು ಬಹಿರಂಗ ಪತ್ರವಾದ್ದರಿಂದ ತಮ್ಮ ಕೌನ್ಸಿಲ್ಲಿನ ಹೆಸರನ್ನು ಬೇಕೆಂದೇ ಬರೆದಿಲ್ಲ. ಮಾನ ಹೋಗುವುದಿದ್ದರೆ ಒಬ್ಬರದೇ ಹೋಗಲಿ, ಇಡೀ ಬಡಾವಣೆಯದೇಕೆ?

ಈ ಚರ್ಚಿಗೆ ಲಂಡನ್ನಿನಲ್ಲಿ ಕೆಲಸವಾದರೂ ಏನು ಎಂದು ಮೊದಲು ನನಗೂ ಅನ್ನಿಸಿತ್ತು. ಸುತ್ತ ಎಲ್ಲಿ ನೋಡಿದರೂ ಕೆಂಪು ಇಟ್ಟಿಗೆಯ ಮನೆಗಳು, ನಡುವೆ ಬೂದುಬಣ್ಣದ ಈ ಕಟ್ಟಡ. ನೂರನಲವತ್ತು ವರ್ಷದ ಹಿಂದೆ ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದ ಸ್ಕಾಟಿಷ್ ಬೇಕರಿಯವರು, ತೋಟದ ಕೆಲಸದವರು, ದೋಣಿ ಕಟ್ಟುವವರು ಸೇರಿ ಕಟ್ಟಿಸಿದ್ದು. ಇಲ್ಲಿ ಕಲ್ಲು ಸಿಗದೆ ಇರಲಿಲ್ಲ. ಆದರೂ ಬಾಗಿಲ ಕಂಬಗಳಿಗೆ ತಮ್ಮೂರಿನ ಗ್ರಾನೈಟ್ ಕಲ್ಲನ್ನೇ ಹಡಗಿನಲ್ಲಿ ತರಿಸಿದರು. ಮಾಡಿಗೆ ಹೊದಿಸಲು ತಮ್ಮೂರಿನದೇ ಕಪ್ಪು ಕಲ್ಲಿನ ಹಲಗೆ. ಮುಂಗೋಡೆಯ ನೆತ್ತಿಗೆ, ಕಾಗೆ ಹತ್ತಿ ಹೋಗಲೆಂದು ಮಾಡಿದ ಹಾಗೆ, ಎರಡೂ ಕಡೆಯಿಂದ ಪುಟ್ಟ ಮೆಟ್ಟಿಲುಗಳು. ಒಳಗೆ ನಡುಮಧ್ಯೆ ಎತ್ತರದ ಪ್ರವಚನ ಪೀಠ, ಮೂರು ಕಡೆ ಮರದ ಉಪ್ಪರಿಗೆ. ಮಾತೆಯ ಮೂರ್ತಿಯಿಲ್ಲ, ಮೇಣದ ಬತ್ತಿಯಿಲ್ಲ. ಕಥೋಲಿಕಳಾದ ನನಗೆ ಮೊದಲ ದಿನ ತಾಲೂಕು ಕೋರ್ಟಿಗೆ ಬಂದಂತಾಗಿತ್ತು. ಈಗ ತಾವು ಅದನ್ನು ನಿಜ ಮಾಡಲು ಹೊರಟಿದ್ದೀರಿ.

ಹದಿನೈದು ವರ್ಷದಿಂದ ಆ ಚರ್ಚಿನವರು ಇಲ್ಲಿನ ಕನ್ನಡ, ಕೊಂಕಣಿ ಜನರಾದ ನಮಗೆ ತಮ್ಮ ಹಾಲ್ ಬಿಟ್ಟುಕೊಡುತ್ತಿದ್ದಾರೆ. ಸೆಪ್ಟೆಂಬರಿನಲ್ಲಿ ತೆನೆಹಬ್ಬದ ಊಟ ಅಲ್ಲೇ. ಶನಿವಾರ ಬೆಂಗಳೂರಿನ ಲೋಕೇಶ ಮಕ್ಕಳಿಗೆ ಕನ್ನಡ ಕಲಿಸುವುದೂ ಅಲ್ಲೇ. ಆ ಋಣಕ್ಕೆ ಸ್ಟ್ಯಾನಿಸ್ಲಾಸ್ ವಾರಕ್ಕೊಮ್ಮೆ ನಮ್ಮ ಮನೆಯಿರುವ ಹೌನ್ಸ್ಲೋದಿಂದ ಎರಡು ಬಸ್ಸು ಬದಲಿಸಿ ಹೋಗಿ ಅಲ್ಲಿನ ಬೆಂಚು, ಕಿಟಕಿ ರಿಪೇರಿ ಮಾಡಿಕೊಡುತ್ತಿದ್ದರು. ಪ್ರಾಯದಲ್ಲಿ ಗಂಗೊಳ್ಳಿಯಲ್ಲಿ ದೋಣಿ ಕಟ್ಟುತ್ತಿದ್ದವರು, ಆಮೇಲೆ ಇಲ್ಲಿನ ವಿಮಾನ ನಿಲ್ದಾಣದಲ್ಲಿ ಇಪ್ಪತ್ತಾರು ವರ್ಷ ಸರಕಿಗೆ ಮರದ ಪೆಟ್ಟಿಗೆ ಹೊಡೆದವರು. ಮರದ ಕಾಯಿಲೆ ಅವರ ಮೂಗಿಗೇ ತಿಳಿಯುತ್ತದೆ.

ಆ ಮುಂಬಾಗಿಲ ಬುಡ ಕೊಳೆಯುತ್ತಿದೆ, ಹುಳ ಹಿಡಿದಿದೆ ಎಂದು ಚರ್ಚಿನವರು ತಮಗೆ ಮೊದಲ ಪತ್ರ ಬರೆದು ಮೂರು ವರ್ಷ ದಾಟಿದೆ. ಫೋಟೋ ಕಳಿಸಿದರು. ಉದುರಿದ ಮರದ ಹುಡಿಯನ್ನು ಲಕೋಟೆಗೆ ಹಾಕಿ ಅದನ್ನೂ ಕಳಿಸಿದರು. ‘ತಮ್ಮ ಮನವಿ ಸರದಿಯಲ್ಲಿದೆ’ ಎಂದು ತಮ್ಮ ಕಂಪ್ಯೂಟರು ನಾಲ್ಕೂ ಸಲ ಹೇಳಿತು. ಆ ಸರದಿಯಲ್ಲಿ ನಮ್ಮ ಮುಂದೆ ಯಾರಿದ್ದರು ಸ್ವಾಮಿ, ರೋಮನ್ನರೇ?

ಕಳೆದ ಏಪ್ರಿಲಿನಲ್ಲಿ ಬಾಗಿಲ ಬುಡಕ್ಕೆ ಬೆರಳು ಒತ್ತಿದರೆ ಒಳಗೇ ಹೋಗುತ್ತಿತ್ತು. ಅಷ್ಟರಲ್ಲಿ ಊರಿನಿಂದ ಉಪ್ಪಿನಕಾಯಿ, ಹಪ್ಪಳದ ಜೊತೆ ಹಡಗಿನ ಸರಕಿನಲ್ಲಿ ಒಂದು ಡಬ್ಬ ಗೇರೆಣ್ಣೆ ಬಂದಿತ್ತು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಎಣ್ಣೆ ಅದು. ನಮ್ಮ ಕರಾವಳಿಯಲ್ಲಿ ದೋಣಿಗೂ ಮನೆಯ ಮಾಡು ಹೊರುವ ಪಕ್ಕಾಸಿಗೂ ಅದನ್ನೇ ಬಳಿಯುವುದು. ಹುಳ ಹತ್ತಿರ ಬರುವುದಿಲ್ಲ, ನೀರು ಒಳಗಿಳಿಯುವುದಿಲ್ಲ. ಮರ ಮಾತ್ರ ಕಪ್ಪಾಗುತ್ತದೆ. ಬಾಗಿಲು ಕಪ್ಪಾದರೆ ಒಂದು ಸರಕಾರಕ್ಕೆ ನೋವಾಗಬಹುದು ಎಂಬುದು ನಮ್ಮ ಕಡೆ ಯಾರಿಗೂ ಹೊಳೆಯುವ ವಿಷಯವಲ್ಲ.

ಲೋಕೇಶ ಎಚ್ಚರಿಸಿದ್ದು ನಿಜ. “ಅಂಕಲ್, ಇದು ಲಿಸ್ಟೆಡ್ ಬಿಲ್ಡಿಂಗು. ಪರ್ಮಿಷನ್ ಇಲ್ದೆ ಒಂದು ಮೊಳೆನೂ ಹೊಡೆಯೋ ಹಾಗಿಲ್ಲ.”

“ಪರ್ಮಿಷನ್ ಕೇಳಿ ಮೂರು ವರ್ಷ ಆಯ್ತಲ್ಲ ಮಾರಾಯ,” ಎಂದರು ನನ್ನ ಗಂಡ. “ಹುಳಕ್ಕೆ ಯಾರು ಪರ್ಮಿಷನ್ ಕೊಟ್ಟದ್ದು? ಅದು ತಿಂತಾ ಉಂಟು.”

ಕೊಳೆತ ಬುಡವನ್ನು ಕೆತ್ತಿ ತೆಗೆದು, ಹಳೆಯ ಬೆಂಚಿನ ಓಕ್ ತುಂಡು ಕೂಡಿಸಿ, ಒಂದರ ಮೇಲೊಂದು ಮೂರು ಕೈ ಎಣ್ಣೆ ಬಳಿದರು. ಮೂರು ವರ್ಷ ಬಾರದ ತಾವು ಮೂರನೆಯ ದಿನವೇ ಪ್ರತ್ಯಕ್ಷರಾದಿರಿ. ದಾರಿಹೋಕರಾರೋ ಫೋಟೋ ಕಳಿಸಿದ್ದರಂತೆ. ಹುಳ ತಿನ್ನುವಾಗ ಕಾಣದ ಬಾಗಿಲು ವಾಸಿಯಾದ ಕೂಡಲೇ ಕಂಡಿತು! ಏನು ಬಳಿದದ್ದು ಎಂದು ಕೇಳಿದಿರಿ. ಗೇರಿನ ಎಣ್ಣೆ ಎಂದರು. ತಾವು ‘ಆಹಾರ ಪದಾರ್ಥ’ ಎಂದು ಬರೆದುಕೊಂಡು ಆಹಾರ ಸುರಕ್ಷತಾ ವಿಭಾಗಕ್ಕೂ ಒಂದು ಪ್ರತಿ ಕಳಿಸಿದಿರಿ. ಆ ಎಣ್ಣೆ ಚರ್ಮಕ್ಕೆ ತಾಗಿದರೆ ಸುಟ್ಟು ಬೊಬ್ಬೆ ಏಳುತ್ತದೆ. ನನ್ನ ಗಂಡನ ಕೈ ಎರಡು ವಾರ ಹಾಗೇ ಇತ್ತು. ಅದನ್ನು ತಿನ್ನುವ ಧೈರ್ಯ ತಮ್ಮ ವಿಭಾಗಕ್ಕಿದ್ದರೆ ಡಬ್ಬದ ತಳದಲ್ಲಿ ಇನ್ನೂ ಸ್ವಲ್ಪ ಉಳಿದಿದೆ, ಕಳಿಸಿಕೊಡುತ್ತೇನೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಪಾದ್ರಿಯೂ ಒಪ್ಪಿಗೆ ಕೊಟ್ಟರು, ಚರ್ಚಿನ ಸಭೆಯೂ ಕೊಟ್ಟಿತು, ತಕರಾರು ತಮ್ಮದೊಂದೇ. ಅದೂ ‘ಮೂಲ ಜೇನುಬಣ್ಣ’ದ ಬಗ್ಗೆ. ಆ ಮೂಲವನ್ನು ತಾವು ಎಲ್ಲಿ ನೋಡಿದಿರಿ? ಚರ್ಚಿನ ಹಳೆಯ ದಾಖಲೆ ಕಾಯುವ ಮೊರಾಗ್ ಎಂಬ ಎಂಬತ್ತು ದಾಟಿದ ಸ್ಕಾಟಿಷ್ ಮುದುಕಿ ತಮ್ಮ ಪತ್ರ ಓದಿ, ಸಿಟ್ಟಿನಲ್ಲಿ ಬೀರು ತೆಗೆದು, ನಾಲ್ಕು ದಿನ ಕೂತು ಹುಡುಕಿದರು. ಆ ಜೇನುಬಣ್ಣ ಮೂಲವೂ ಅಲ್ಲ, ಮಣ್ಣೂ ಅಲ್ಲ. ಐವತ್ತು ವರ್ಷದ ಹಿಂದೆ ಯಾರೋ ಹೊಡೆದ ವಾರ್ನಿಷ್ ಅದು, ಹೊಡೆದ ತಿಂಗಳು ಸಮೇತ ದಾಖಲಾಗಿದೆ.

ಅದಕ್ಕೂ ಹಿಂದಿನ ಪುಸ್ತಕದಲ್ಲಿ, ಚರ್ಚು ಕಟ್ಟಿದ ಮೂರನೆಯ ವರ್ಷದ ಒಂದು ನಡಾವಳಿ ಇದೆ. ಮೊರಾಗ್ ಗಟ್ಟಿಯಾಗಿ ಓದಿ ಹೇಳಿದ್ದನ್ನು ಕನ್ನಡಕ್ಕೆ ತಂದಿದ್ದೇನೆ: ‘ಮಳೆಯಿಂದ ಬಾಗಿಲು ಕೆಡುತ್ತಿರುವುದರಿಂದ ನಮ್ಮ ಸಭೆಯ ದೋಣಿ ಬಡಗಿ ಊರಿನಿಂದ ತರಿಸಿದ ಡಾಂಬರು ಬಳಿದಿರುತ್ತಾರೆ. ಬೀದಿಯ ಅಂದ ಕೆಟ್ಟಿತೆಂದು ಪುರಸಭೆಯ ಅಧಿಕಾರಿಯ ಪತ್ರ ಬಂದಿರುತ್ತದೆ. ಪತ್ರವನ್ನು ಓದಲಾಯಿತು. ಸಭೆ ಮುಂದಿನ ವಿಷಯಕ್ಕೆ ಹೋಯಿತು.’

ತಿಳಿಯಿತೇ? ಆ ಬಾಗಿಲು ಹುಟ್ಟಿದ ಮೂರನೇ ವರ್ಷದಿಂದ, ಯಾರೋ ಕೆರೆದು ವಾರ್ನಿಷ್ ಹೊಡೆಯುವವರೆಗೂ, ಕಪ್ಪು. ಅದನ್ನು ಕಪ್ಪು ಮಾಡಿದವನೂ ಹೊಟ್ಟೆಪಾಡಿಗೆ ಬಂದ ದೋಣಿ ಬಡಗಿ. ಅವನೂ ಊರಿನಿಂದಲೇ ತರಿಸಿದ. ತಾವು ಈಗ ಕಾಯುತ್ತಿರುವ ಪರಂಪರೆ ಅವನದೇ ಅಲ್ಲವೇ? ಹಾಗಾದರೆ ಅದನ್ನು ಮುಂದುವರಿಸಿದವನು ಅಪರಾಧಿ ಹೇಗಾದ?

ಇಷ್ಟೆಲ್ಲ ತಮಾಷೆಯಾಗಿ ಬರೆದೆ. ಮನೆಯಲ್ಲಿ ತಮಾಷೆಯಿಲ್ಲ. ತಮ್ಮ ಪತ್ರ ಬಂದ ಮೇಲೆ ಸ್ಟ್ಯಾನಿಸ್ಲಾಸ್ ಉಳಿ, ಸುತ್ತಿಗೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಮಂಚದಡಿಗೆ ತಳ್ಳಿದ್ದಾರೆ. ಒಂದು ಟ್ರಾಫಿಕ್ ದಂಡ ಕಟ್ಟುವಂಥ ತಪ್ಪನ್ನೂ ಮಾಡದ ಮನುಷ್ಯ. ಈ ವರ್ಷದ ತೆನೆಹಬ್ಬಕ್ಕೆ ಹೋದಾಗ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದರು. ಯಾಕೆ ಎಂದೆ. “ಮುಂದಿನಿಂದ ಹೋದ್ರೆ ಜನ ನೋಡ್ತಾರೆ ಮಾರಾಯ್ತಿ,” ಎಂದರು. ಅವರೇ ಬದುಕಿಸಿದ ಬಾಗಿಲನ್ನು ಅವರೇ ದಾಟುತ್ತಿಲ್ಲ. ಇದಕ್ಕೆ ನನಗೆ ಬಂದಿರುವ ಸಿಟ್ಟನ್ನು ಬರೆಯಲು ಕನ್ನಡವೂ ಸಾಲದು.

ನನ್ನ ಬೇಡಿಕೆ ಇಷ್ಟೇ. ಆ ನೋಟಿಸನ್ನು ಲಿಖಿತವಾಗಿ ಹಿಂತೆಗೆದುಕೊಳ್ಳಿ. ಅದರಲ್ಲಿ ನನ್ನ ಗಂಡನ ಹೆಸರು ಬರೆದು, ಬಾಗಿಲು ಉಳಿಸಿದ್ದಕ್ಕೆ ಉಪಕಾರವಾಯಿತು ಎಂಬ ಒಂದು ಸಾಲಿರಲಿ. ತಾವೇ ಖುದ್ದು ತಂದು, ಆ ಬಾಗಿಲ ಮುಂದೆ ನಿಂತು ಅವರ ಕೈಗೆ ಕೊಡಿ. ಆಮೇಲೆ ಇಬ್ಬರೂ ಮುಂಬಾಗಿಲಿನಿಂದಲೇ ಒಳಗೆ ಬನ್ನಿ, ಚಹಾ ಮಾಡುತ್ತೇನೆ.

ಆಗದು, ಕೇಸು ಹಾಕಿಯೇ ತೀರುತ್ತೇವೆ ಎಂದಾದರೆ ದಯವಿಟ್ಟು ಕೇಸು ಸರಿಯಾಗಿ ಹಾಕಿ. ತಮ್ಮ ನೋಟಿಸಿನಲ್ಲಿ ಒಂದು ಹೆಸರು ಬಿಟ್ಟುಹೋಗಿದೆ. ಗಂಡನ ಕೈ ತುಂಬ ಬೊಬ್ಬೆ ಎದ್ದು ಕುಂಚ ಹಿಡಿಯಲಾಗದಿದ್ದಾಗ, ಮೂರನೆಯ ಕೈ ಎಣ್ಣೆ ಬಳಿದವಳು ನಾನು.

ಇಂತಿ,
ಇನ್ನೂ ನೋಟಿಸು ಬಾರದ ಎರಡನೇ ಆರೋಪಿ,
ಫ್ಲಾವಿಯಾ, ಹೌನ್ಸ್ಲೋ