ಎಳೆ ಹರಿದ ಸದ್ದು

ಬನಹಟ್ಟಿ
೯ ಆಗಸ್ಟ್ ೨೦೧೨

ಡಾಕ್ಟರ್ ಸಾಹೇಬರಿಗೆ ನಮಸ್ಕಾರ.

ಜೂನ್ ತಿಂಗಳಲ್ಲಿ ನನ್ನ ಎಂಟು ವರ್ಷದ ಮಗಳು ಸೃಷ್ಟಿಯನ್ನು ನಿಮ್ಮ ದವಾಖಾನೆಗೆ ಕರೆತಂದಿದ್ದೆ. ಪಾಠದ ನಡುವೆ ಎದ್ದು ಕಿಟಕಿಗೆ ಓಡುತ್ತಾಳೆ ಎಂದು ಟೀಚರ್ ಬರೆದ ಚೀಟಿ ನೋಡಿ, ಐದೇ ನಿಮಿಷದಲ್ಲಿ ಎಡಿಎಚ್‌ಡಿ ಎಂದು ಗುಳಿಗೆ ಬರೆದುಕೊಟ್ಟಿರಿ.

ನಾವು ನೇಕಾರರು. ಶಾಲೆಯ ಕಿಟಕಿಯ ಆಚೆಯೂ ಪವರ್‌ಲೂಮ್‌ಗಳಿವೆ. ಎಳೆ ಹರಿದರೆ ಮಗ್ಗದ ಸದ್ದು ಬದಲಾಗುತ್ತದೆ. ಮನೆಯಲ್ಲಿ ಆ ಸದ್ದು ಎಲ್ಲರಿಗಿಂತ ಮೊದಲು ಕೇಳುತ್ತಿದ್ದುದು ಸೃಷ್ಟಿಗೆ. "ಯವ್ವಾ, ಎಳಿ ಹರದೈತಿ, ಲಗೂನ ಬಾ" ಎಂದು ಅಡುಗೆಮನೆಗೆ ಓಡಿಬಂದು ನನ್ನ ಸೆರಗು ಜಗ್ಗುತ್ತಿದ್ದಳು. ನೀವು ಕೇಳಲಿಲ್ಲ, ಹೇಳುವಂಥ ಮಾತೆಂದು ನನಗೂ ಹೊಳೆಯಲಿಲ್ಲ.

ಈಗ ಶಾಲೆಯಲ್ಲಿ ಕದಲದೆ ಕೂಡುತ್ತಾಳೆ. "ಹುಡುಗಿ ಭಾಳ ಛಲೋ ಆಗ್ಯಾಳ್ರಿ" ಎನ್ನುತ್ತಾರೆ ಟೀಚರ್. ಮೊನ್ನೆ ಮನೆಯಲ್ಲಿ ಅವಳ ಪಕ್ಕದ ಮಗ್ಗದಲ್ಲೇ ಎಳೆ ಹರಿದು ಗೇಣುದ್ದ ಸೀರೆ ಕೆಟ್ಟಿತು. ಅವಳು ತಲೆ ಎತ್ತಲಿಲ್ಲ.

ಗುಳಿಗೆ ಹೇಗೆ ನಿಲ್ಲಿಸಬೇಕೆಂದು ದಯವಿಟ್ಟು ಬರೆದು ತಿಳಿಸಿ. ಆಗದಿದ್ದರೆ, ಮಗ್ಗ ನಡೆಯುವ ಹೊತ್ತಿಗೆ ಒಮ್ಮೆ ಮನೆಗೆ ಬಂದು ಅವಳನ್ನು ನೋಡಿ. ಸಂಜೆಯಾದರೆ ಅನುಕೂಲ. ದಿನಾ ಆ ಹೊತ್ತಿಗೆ ನಾನೇ ಒಂದು ಎಳೆ ಕತ್ತರಿಸಿ, ಅಡುಗೆಮನೆಗೆ ಬಂದು ನಿಂತಿರುತ್ತೇನೆ.

ಸೃಷ್ಟಿಯ ತಾಯಿ,
ಮಹಾನಂದಾ