ಪೂಜೆಗಿಟ್ಟ ಕಂಪ್ಯೂಟರಿಗೆ ಕೈ ಹಚ್ಚಿದವರಿಗೆ

ಇಂಡಿ
೨೩-೧೦-೨೦೦೭

ನಾಂದೇಡದ ಲಾಡ್ಜಿನಲ್ಲಿರುವ ನಮ್ಮ ಮನೆಯವರಿಗೆ,

ಜಯಮಾಲಾಳ ನಮಸ್ಕಾರ. ಕೆಮ್ಮು ಕಡಿಮೆಯಾಯಿತೇ? ಬೀಜದ ಕಂಪನಿಯ ತಿರುಗಾಟ ಮುಗಿಯುವ ತನಕ ಬಿಸಿನೀರನ್ನೇ ಕುಡಿಯಿರಿ. ಅತ್ತೆ ಆರಾಮಾಗಿದ್ದಾರೆ. ನಾನೂ ಆರಾಮಾಗಿದ್ದೇನೆ, ಆದರೆ ಸಿಟ್ಟಿನಲ್ಲಿದ್ದೇನೆ.

ಬ್ರಾಡ್‌ಬ್ಯಾಂಡ್ ಹಾಕಿಸಿ, ಯಾವ ಊರಿನಲ್ಲಿದ್ದರೂ ಅಲ್ಲಿಂದಲೇ ಮನೆಯ ಕಂಪ್ಯೂಟರ್ ನಡೆಸುವ ವ್ಯವಸ್ಥೆ ಮಾಡಿಕೊಂಡಿರಿ. 'ಬಂದ್ ಮಾಡಬ್ಯಾಡ, ನನಗ ಯಾವಾಗ ಬೇಕಾಗ್ತೈತೋ' ಅಂದಿರಿ. ಅದಕ್ಕೇ ದಸರೆಯ ಖಂಡೆಪೂಜೆಯ ದಿನವೂ ಚಾಲೂ ಇಟ್ಟೇ ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದೆ. ಪೂಜೆಗಿಟ್ಟ ಸಾಮಾನಿಗೆ ಮರುದಿನದವರೆಗೆ ಯಾರೂ ಕೈ ಹಚ್ಚುವುದಿಲ್ಲ. ಕುಡಗೋಲು, ಬೀಸುಕಲ್ಲು ಎಲ್ಲವೂ ಸುಮ್ಮನಿದ್ದವು. ನಾನು ಆರತಿ ಎತ್ತಿದ್ದೇ ತಡ, ಪರದೆಯ ಮೇಲಿನ ಬಾಣ ತಾನಾಗಿ ಓಡಾಡತೊಡಗಿತು. ಪಕ್ಕದ ಮನೆಯ ಹುಚ್ಚವ್ವ ಕೈ ಮುಗಿದೇಬಿಟ್ಟಳು! ಅತ್ತೆ ಮಾತ್ರ 'ಯಾಂವಲೇ ಅಂವಾ, ಪೂಜಿಗಿಟ್ಟಿದ್ದಕ್ಕ ಕೈ ಹಚ್ಚಾಂವ?' ಎಂದು ಗದರಿದರು. ಬಾಣ ನನ್ನ ಫೋಲ್ಡರಿನ ಮೇಲೆ ನಿಂತಿತು. ನೋಡನೋಡುತ್ತಿದ್ದಂತೆ ಫೋಲ್ಡರೇ ಇಲ್ಲ.

ಫೋನ್ ಮಾಡಿದರೆ ನೀವು ಹೇಳಿದ್ದೇನು? 'ಜಾಗಾ ಸಾಲವಲ್ದು, ಹಾಡು ಗೀಡು ತೆಗೆದು ಒಗದೇನಿ.' ಹಾಡು ಗೀಡು! ನಿಮ್ಮ ತಾಯಿಯ ನಲವತ್ತೆರಡು ಹಾಡುಗಳು ಅವು. ಆರು ತಿಂಗಳು, ಮಧ್ಯಾಹ್ನದ ಊಟವಾದ ಮೇಲೆ ಅವರು ಹಾಡಿದ್ದು, ನಾನು ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದ್ದು. ಕಸದ ಬುಟ್ಟಿಯನ್ನೂ ಖಾಲಿ ಮಾಡಿದ್ದೀರಿ, ಎಂಥ ಅಚ್ಚುಕಟ್ಟು ನಿಮ್ಮದು! ಈಗ ಮೊದಲಿನಿಂದ ಹಾಡಿಸಿ ಬರೆದುಕೊಳ್ಳುತ್ತಿದ್ದೇನೆ. ಮೂರು ಹಾಡು ಅತ್ತೆಗೆ ಮತ್ತೆ ನೆನಪಾಗಲಿಲ್ಲ. ಎರಡು ಸಲ ಶುರು ಮಾಡಿ, ನಡುವೆ ನಿಂತು, ಸೆರಗಿನಿಂದ ಕಣ್ಣು ಒರೆಸಿಕೊಂಡರು. ಬೀಗರು ಕೂಡ ಬಾಗಿಲಲ್ಲಿ ನಿಂತು ಕರೆದೇ ಒಳಗೆ ಬರುತ್ತಾರೆ. ನೀವು ನಾಂದೇಡದಿಂದ ಕೈ ಚಾಚಿ, ಒಂದು ಮಾತೂ ಕೇಳದೆ ನನ್ನದನ್ನು ತೆಗೆದು ಒಗೆದಿರಿ. ಇನ್ನು ಮೇಲೆ ಅದು ನಡೆಯುವುದಿಲ್ಲ.

ಲಕೋಟೆಯಲ್ಲಿ ಬನ್ನಿ ಎಲೆ ಇಟ್ಟಿದ್ದೇನೆ, ತೆಗೆದುಕೊಳ್ಳಿ. ಸಿಟ್ಟು ಬೇರೆ, ಬನ್ನಿ ಬೇರೆ. ಬಂಗಾರದಂತೆ ಇರೋಣ.

ನಿಮ್ಮ
ಜಯಮಾಲಾ

ತಾ.ಕ.: ಪಾಸ್‌ವರ್ಡ್ ಬದಲಿಸಿದ್ದೇನೆ. ನಿಮ್ಮ ವರದಿಗಳನ್ನು ಮುಟ್ಟಿಲ್ಲ, ಎಲ್ಲ ಒಳಗೇ ಇವೆ. ನಿಮ್ಮನ್ನು ತೊಟ್ಟಿಲಲ್ಲಿ ಹಾಕಿ ತೂಗುವಾಗ ಅತ್ತೆ ಹಾಡುತ್ತಿದ್ದ ಹಾಡಿನ ಮೊದಲ ಮಾತೇ ಹೊಸ ಪಾಸ್‌ವರ್ಡ್. ನೀವು ಅಳಿಸಿದ್ದರಲ್ಲಿ ಅದೂ ಒಂದು. ನನ್ನನ್ನು ಕೇಳಬೇಡಿ. ಅತ್ತೆಗೂ ಫೋನ್ ಮಾಡಬೇಡಿ, ಅವರು ಆಗಲೇ ಹೇಳಿದ್ದಾರೆ: 'ಫೋನಿನ್ಯಾಗ ಹೇಳೂದಿಲ್ಲ. ಮನಿಗೆ ಬಂದು ನನ್ನ ಮುಂದ ಕುಂಡ್ರು ಅನ್ನು. ಪೂರಾ ಹಾಡ್ತೇನಿ.'