ಹೆರಾಲ್ಡ್ ಕಾರಿನ ಗೇರ್ ಹಿಡಿ

ಪೋರೂರಿನ ಸುಗುಣತ್ತೆಗೆ ರಜತ್ ಮಾಡುವ ನಮಸ್ಕಾರ.

ಅಜ್ಜನ ಹೆರಾಲ್ಡ್ ಕಾರು ಮತ್ತೆ ಓಡುತ್ತಿದೆ. "ಎಲ್ಲ ಅಸಲಿಯೇ ಇರ್ಬೇಕು ಮಾರಾಯ, ಅಪ್ಪಯ್ಯ ಓಡಿಸ್ತಿದ್ದ ಹಾಗೇ" ಎಂದಿದ್ದಿರಿ. ಈಗ ಆ ಎರಡರಲ್ಲಿ ಒಂದನ್ನು ಮಾತ್ರ ಕೊಡಬಲ್ಲೆ.

ಗೇರಿನ ಕಪ್ಪು ಹಿಡಿ ಸಡಿಲವಾಗಿತ್ತು. ಅಂಥದ್ದೇ ಮಾಡಿಸಲು ತಿರುವೊಟ್ಟಿಯೂರಿನ ಲೇತ್ ಅಂಗಡಿಗೆ ಒಯ್ದೆ. ಮೇಸ್ತ್ರಿ ನಕ್ಕರು: "ತಂಬಿ, ಇದು ಕಾರಿಂದಲ್ಲಪ್ಪಾ, ಪಾತ್ರೆ ಮುಚ್ಚಳದ್ದು!"

ನಮ್ಮ ಹೋಟೆಲಿನ ಡಿಕಾಕ್ಷನ್ ಪಾತ್ರೆಯ ಮುಚ್ಚಳಕ್ಕೆ ಹಿಡಿಯೇ ಇಲ್ಲ. ಅದನ್ನು ಬಟ್ಟೆ ಹಿಡಿದು ಎತ್ತುತ್ತಲೇ ನಾನು ಬೆಳೆದದ್ದು. ಬಂದು ಈ ಹಿಡಿಯನ್ನು ಅದಕ್ಕೆ ತಿರುಗಿಸಿ ನೋಡಿದೆ. ಭದ್ರವಾಗಿ ಕೂತಿತು. ಕಾರಿನದು ಒಡೆದಾಗ ಅಜ್ಜ ಇದನ್ನು ಮುಚ್ಚಳದಿಂದ ಕಿತ್ತು ಗೇರಿಗೆ ಹಾಕಿರಬೇಕು. ನಿಮಗೆ ಗೇರ್ ಕಲಿಸುವಾಗ ಅವರು ನಿಮ್ಮ ಕೈ ಇಡಿಸಿದ್ದು ಇದರ ಮೇಲೆಯೇ.

ಕಂಪನಿಯ ಹಿಡಿ ಪುದುಪೇಟೆಯ ಗುಜರಿಯಲ್ಲಿ ಸಿಕ್ಕಿದೆ. ಹಳೆ ಕಾರುಗಳ ಪ್ರದರ್ಶನದಲ್ಲಿ ಅದಿದ್ದರೇ ಮಾರ್ಕು. ಮುಚ್ಚಳದ್ದನ್ನು ಹಾಕಿ ಅಸಲಿ ಎಂದು ನಾನು ಬರೆದುಕೊಡುವುದಿಲ್ಲ. ಮಾರ್ಕು ಹೋದರೆ ನನಗೇನೂ ಹೊಸದಲ್ಲ, ಶಾಲೆಯಲ್ಲೇ ಅಭ್ಯಾಸವಾಗಿದೆ.

ಯಾವುದು ಹಾಕಲಿ, ಬೇಗ ತಿಳಿಸಿ. ಅಜ್ಜ ಹಾಕಿದ್ದೇ ಬೇಕೆಂದರೆ ಅಪ್ಪನನ್ನು ನೀವೇ ಕೇಳಬೇಕು. ಅವರು ಬೆಳಿಗ್ಗೆಯಿಂದ ಆ ಹಿಡಿ ಹಿಡಿದು ಮುಚ್ಚಳವನ್ನು ಸುಮ್ಮನೆ ತೆಗೆದು ಮುಚ್ಚುತ್ತಿದ್ದಾರೆ.

ನಿಮ್ಮ ಅಣ್ಣನ ಮಗ,
ರಜತ್